ಕೇಳಿದ ಹಾಡು, ಕೇಳಿಸಿದ ಹಾಡು

ಪತ್ರಿಕೆಯ ಮೇಜಿಗೆ ಬರುವ ಮೊದಲು ನಾವು ಮುಂಬಯಿಯಲ್ಲಿ ಹೋಟೆಲು ನಡೆಸಿದವರೆಂಬುದು ವಾಚಕರು ಬಲ್ಲ ಸಂಗತಿ. ಗಲ್ಲೆಯ ಮೇಲೆ ಕುಳಿತವನಿಗೆ ಹಾಡೂ ಒಂದು ಲೆಕ್ಕವೇ. ಹಾಡು ಹಚ್ಚಿದರೆ ಗಿರಾಕಿಯು ಒಂದೇ ಚಹಾಕ್ಕೆ ಅರ್ಧ ತಾಸು ಕೂಡುವನು, ಮೇಜು ತೆರವಾಗದು. ಆದಕಾರಣ ನಮ್ಮಲ್ಲಿ ಹಾಡಿಗೆ ನಿಷೇಧವಿತ್ತು.

ಒಂದು ಮಧ್ಯಾಹ್ನ ಪಾತ್ರೆ ತೊಳೆಯುವೆಡೆಯಿಂದ ದಾಸರ ಪದವೊಂದು ಕೇಳಿಬಂದಿತು. ಗದಗಿನ ತರುಣನೊಬ್ಬನು ಮೊಬೈಲನ್ನು ಕಪಾಟಿನ ಮೇಲಿರಿಸಿ ಕೆಲಸದಲ್ಲಿ ತೊಡಗಿದ್ದನು. ನಾವು ಗದರಿದೆವು. ಅವನು ಕೈ ಒರೆಸಿಕೊಳ್ಳುತ್ತ, “ಧಣ್ಯಾರ, ನಮ್ಮ ಭೀಮಸೇನ ಜೋಶಿಯವರ ದನಿರೀ ಇದು. ಒಂದ್ಸಲ ಕೇಳಿ ನೋಡ್ರಿ” ಎಂದನು. ಪದ ಮುಗಿಯುವವರೆಗೆ ನಾವು ನಿಂತೇ ಇದ್ದೆವು. ಗಲ್ಲೆಯ ಬಳಿ ಗಿರಾಕಿಯೊಬ್ಬರು ಚಿಲ್ಲರೆಗಾಗಿ ಕಾಯುತ್ತಿದ್ದರು.

ಆ ಧ್ವನಿಯ ಬೆನ್ನು ಹತ್ತಿದ ನಮಗೆ ಅದರ ಕಥೆಯೂ ದೊರೆಯಿತು. ಗದಗಿನಲ್ಲಿ ಬೆಳೆಯುತ್ತಿದ್ದ ಬಾಲಕ ಭೀಮಸೇನನು ಅಂಗಡಿಯೊಂದರ ಗ್ರಾಮಫೋನಿನಲ್ಲಿ ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮರಿಯನ್ನು ಕೇಳಿದನು. ತಾನೂ ಹಾಗೆ ಹಾಡಬೇಕೆಂದು 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಮನೆ ಬಿಟ್ಟನು. ಗುರುವನ್ನರಸಿ ಗ್ವಾಲಿಯರ್, ಕಲಕತ್ತೆ, ಜಲಂಧರಗಳವರೆಗೆ ಅಲೆದನು. ಕೊನೆಗೆ ದೊರೆತ ಗುರುವಾದರೋ ಊರಿಗೆ ಸಮೀಪದ ಕುಂದಗೋಳದಲ್ಲಿಯೇ ಇದ್ದರು: ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರು. ಗುರುಗಳ ಸ್ಮರಣೆಗಾಗಿ 1953ರಲ್ಲಿ ಪುಣೆಯಲ್ಲಿ ಆರಂಭವಾದ ಸಂಗೀತೋತ್ಸವವನ್ನು ಜೋಶಿಯವರು ದಶಕಗಳ ಕಾಲ ನಡೆಸಿದರು. ಮರಾಠಿಯ ಅಭಂಗಗಳಿಗೆ ತಲೆದೂಗಿದ ಜನರಿಗೇ ಕನ್ನಡದ ದಾಸರ ಪದಗಳನ್ನೂ ಕೇಳಿಸಿದರು. 2008ರಲ್ಲಿ ಭಾರತರತ್ನ ಪ್ರಶಸ್ತಿಯು ಅವರಿಗೆ ಸಂದಿತು.

ನಮ್ಮನ್ನು ಕಾಡುವುದು ಆ ಅಂಗಡಿಯವನ ನೆನಪು. ಅವನು ಹಾಡು ಹಚ್ಚಿದ್ದು ಪ್ರಾಯಶಃ ವ್ಯಾಪಾರಕ್ಕಾಗಿಯೇ ಇರಬಹುದು. ಆದರೂ ಬಾಗಿಲ ಬಳಿ ನಿಂತ ಬಾಲಕನು ಅದನ್ನು ಕೇಳಿದನು. ಆ ಅಂಗಡಿಯಲ್ಲಿ ನಮ್ಮಂಥವನೊಬ್ಬ ಧಣಿಯಾಗಿದ್ದು, ಹಾಡು ನಿಲ್ಲಿಸಿ ಎಂದು ಗದರಿದ್ದರೆ?

ವಾಚಕ ಬಂಧುಗಳೇ, ಪರಊರಿನಲ್ಲಿರುವ ನಮ್ಮ ಮಕ್ಕಳಿಗೆ ಕನ್ನಡವು ಪುಸ್ತಕಕ್ಕಿಂತ ಮೊದಲು ಕಿವಿಯಿಂದಲೇ ಬರಬೇಕು. ತಮಗೆ ಪ್ರಿಯವಾದ ಒಂದು ಹಾಡನ್ನು ಈ ವಾರ ನೆರೆಮನೆಯವರಿಗೆ ಕೇಳಿಸಿರಿ; ಅವರದೊಂದನ್ನು ಕೇಳಿ ಬನ್ನಿರಿ.

ಆ ತರುಣನು ಊರಿಗೆ ಮರಳಿ ವರ್ಷಗಳಾದವು. ಅವನ ಸಂಬಳದ ಬಾಕಿಯನ್ನು ಅಂದೇ ತೀರಿಸಿದೆವು. ಹಾಡಿನ ಬಾಕಿ ಮಾತ್ರ ನಮ್ಮ ಖಾತೆಯಲ್ಲಿ ಹಾಗೆಯೇ ಉಳಿದಿದೆ.