ಇವಿಟ್ಸಾ ಒಲಿಚ್: ವಾಪಸ್ ಬಂದ ಹುಡುಗ, ಈಗ ಹುಡುಗರ ಕೋಚ್

ನಮ್ಮ ತರಗತಿಯ ಗೆಳೆಯನೊಬ್ಬ ಈ ವರ್ಷ ಜಿಲ್ಲಾ ಫುಟ್‌ಬಾಲ್ ತಂಡದ ಆಯ್ಕೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲದೆ ವಾಪಸ್ ಬಂದ. ಮರುದಿನವೇ ತನ್ನ ಶೂಗಳನ್ನು ತಮ್ಮನಿಗೆ ಕೊಟ್ಟುಬಿಟ್ಟ. "ಹದಿನೇಳಕ್ಕೆ ಆಗದ್ದು ಇನ್ನು ಯಾವಾಗ ಆಗುತ್ತೆ?" ಅಂತ ಕೇಳಿದ. ಆಗ ನನಗೆ ನೆನಪಾದವರು ಕ್ರೊವೇಷಿಯಾದ ಇವಿಟ್ಸಾ ಒಲಿಚ್. ಮೊಡ್ರಿಚ್ ಹೆಸರು ನಮಗೆಲ್ಲ ಗೊತ್ತು, ಇವರ ಹೆಸರು ಗೊತ್ತಿರುವವರು ಕಡಿಮೆ.

ಒಲಿಚ್ ಹುಟ್ಟಿದ್ದು 1979ರಲ್ಲಿ, ಸಾವಾ ನದಿಯ ದಂಡೆಯಲ್ಲಿರುವ ದಾವೋರ್ ಎಂಬ ಹಳ್ಳಿಯಲ್ಲಿ. ಹತ್ತಿರದ ಪಟ್ಟಣದ ಮಾರ್ಸೋನಿಯಾ ಕ್ಲಬ್ಬಿನಲ್ಲಿ ಆಡುತ್ತಿದ್ದ ಅವರನ್ನು 1998ರಲ್ಲಿ ಜರ್ಮನಿಯ ಹರ್ಥಾ ಬರ್ಲಿನ್ ಕರೆಸಿಕೊಂಡಿತು. ಹಳ್ಳಿ ಹುಡುಗನಿಗೆ ಅದು ದೊಡ್ಡ ಅವಕಾಶ. ಆದರೆ ಅಲ್ಲಿ ಲೀಗ್‌ನಲ್ಲಿ ಆಡಲು ಸಿಕ್ಕಿದ್ದು ಎರಡೇ ಪಂದ್ಯ. ಕೊನೆಗೆ ಹಳೆಯ ಮಾರ್ಸೋನಿಯಾಕ್ಕೇ ಮರಳಬೇಕಾಯಿತು.

ಅಲ್ಲಿಂದ ಎನ್‌ಕೆ ಜಾಗ್ರೆಬ್ ತಂಡಕ್ಕೆ ಹೋದರು. 2001-02ರಲ್ಲಿ 21 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರರಾದರು, ತಂಡ ಮೊದಲ ಬಾರಿಗೆ ಚಾಂಪಿಯನ್ ಆಯಿತು. ಮರುವರ್ಷ ಡಿನಾಮೊ ಜಾಗ್ರೆಬ್, ಆಮೇಲೆ ಸಿಎಸ್‌ಕೆಎ ಮಾಸ್ಕೋ, ಅಲ್ಲಿ 2005ರ ಯುಇಎಫ್ಎ ಕಪ್. ನಂತರ ಹ್ಯಾಂಬರ್ಗ್. ಕೊನೆಗೆ 2009ರಲ್ಲಿ, 29ನೇ ವಯಸ್ಸಿನಲ್ಲಿ, ಬಯರ್ನ್ ಮ್ಯೂನಿಕ್!

ಬಯರ್ನ್‌ನ ಮೊದಲ ಸೀಸನ್ನಿನ ವಿಡಿಯೋಗಳನ್ನು ನೋಡಲೇಬೇಕು. ಚಾಂಪಿಯನ್ಸ್ ಲೀಗ್ ಕ್ವಾರ್ಟರ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಕೊನೆಯ ಕ್ಷಣದಲ್ಲಿ ಗೆಲುವಿನ ಗೋಲು. ಎರಡನೇ ಪಂದ್ಯದಲ್ಲಿ ತಂಡ 0-3 ಹಿಂದಿದ್ದಾಗ ಇನ್ನೊಂದು. ಸೆಮಿಫೈನಲ್‌ನಲ್ಲಿ ಲಿಯಾನ್ ವಿರುದ್ಧ ಮೂರಕ್ಕೆ ಮೂರೂ ಗೋಲು ಇವರದೇ. ಕಾಲಿನಲ್ಲಿ ಜಾದೂ ಇದ್ದ ಆಟಗಾರ ಅಲ್ಲ ಅನ್ನುವುದು ನೋಡಿದರೆ ಗೊತ್ತಾಗುತ್ತದೆ. ಆದರೆ ಚೆಂಡು ಎದುರಾಳಿಯ ಬಳಿ ಇದ್ದಾಗಲೂ ಓಡುತ್ತಲೇ ಇರುತ್ತಾರೆ, ರಕ್ಷಣಾ ಆಟಗಾರನಿಗೆ ಉಸಿರಾಡಲು ಬಿಡುವುದಿಲ್ಲ.

ಕಹಿಯೂ ಇದೆ. 2012ರ ಫೈನಲ್, ಬಯರ್ನ್‌ನ ಸ್ವಂತ ಮೈದಾನ, ಚೆಲ್ಸಿ ವಿರುದ್ಧ ಪೆನಾಲ್ಟಿ ಶೂಟೌಟ್. ನಾಲ್ಕನೆಯವರಾಗಿ ಬಂದ ಒಲಿಚ್ ಹೊಡೆದ ಚೆಂಡನ್ನು ಚೆಕ್ ತಡೆದರು, ಬಯರ್ನ್ ಸೋತಿತು. ನಮ್ಮ ಮಾಮೂ ಆ ರಾತ್ರಿ ಎದ್ದು ಕೂತು ನೋಡಿದ್ದರಂತೆ, ಈಗಲೂ ಅದನ್ನು ಹೇಳುವಾಗ ತಲೆ ಚಚ್ಚಿಕೊಳ್ಳುತ್ತಾರೆ. 2016ರಲ್ಲಿ ಒಲಿಚ್ ಇನ್ನೊಂದು ತಪ್ಪು ಮಾಡಿದರು. ತಾವು ಆಡುತ್ತಿದ್ದ ಲೀಗಿನ ಪಂದ್ಯಗಳ ಮೇಲೆಯೇ ಬೆಟ್ಟಿಂಗ್ ಕಟ್ಟಿದ್ದಕ್ಕೆ 20,000 ಯೂರೊ ದಂಡ, ಎರಡು ಪಂದ್ಯ ನಿಷೇಧ. ಮೊಬೈಲಿನಲ್ಲಿ "ಸುಮ್ನೆ ಐವತ್ತು ರೂಪಾಯಿ" ಹಾಕುವವರು ನಮ್ಮಲ್ಲೂ ಇದ್ದಾರೆ, ಅದಕ್ಕೇ ಇದನ್ನು ಬಿಡದೆ ಬರೆದೆ.

ದೇಶಕ್ಕಾಗಿ 104 ಪಂದ್ಯ, 20 ಗೋಲು. 2002ರ ವಿಶ್ವಕಪ್‌ನಲ್ಲಿ ಇಟಲಿ ವಿರುದ್ಧ ಒಂದು, ಹನ್ನೆರಡು ವರ್ಷಗಳ ನಂತರ 2014ರಲ್ಲಿ ಕ್ಯಾಮರೂನ್ ವಿರುದ್ಧ ಇನ್ನೊಂದು!

ಆಟ ನಿಲ್ಲಿಸಿದ ಮೇಲೆ ಅವರು ದಾಲಿಚ್ ಅವರ ಸಹಾಯಕ ಕೋಚ್ ಆದರು. 2018ರ ವಿಶ್ವಕಪ್ ಫೈನಲ್ ತಲುಪಿದ ಕ್ರೊವೇಷಿಯಾದ ಬೆಂಚಿನಲ್ಲಿ ಇವರೂ ಇದ್ದರು. 2021ರಲ್ಲಿ ಸಿಎಸ್‌ಕೆಎ ಮಾಸ್ಕೋದ ಮುಖ್ಯ ಕೋಚ್ ಹುದ್ದೆ ಸಿಕ್ಕಿತು, ಅದು ಮೂರು ತಿಂಗಳೂ ಉಳಿಯಲಿಲ್ಲ. 2023ರಲ್ಲಿ ಕ್ರೊವೇಷಿಯಾದ 21 ವರ್ಷದೊಳಗಿನವರ ತಂಡದ ಹೊಣೆ ಹೊತ್ತರು.

ಈ ಕೆಲಸ ಸ್ವಲ್ಪ ವಿಚಿತ್ರ. ವಯಸ್ಸನ್ನು ಎರಡು ವರ್ಷದ ಟೂರ್ನಿ ಚಕ್ರದ ಆರಂಭಕ್ಕೆ ಲೆಕ್ಕ ಹಾಕುವುದರಿಂದ, ಕೊನೆಯ ಹಂತದಲ್ಲಿ 23 ವರ್ಷದವರೂ ಆಡುತ್ತಾರೆ. ಹುಡುಗರು ಕ್ಲಬ್‌ಗಳಿಗೆ ಸೇರಿದವರು, ಕೋಚ್ ಕೈಗೆ ಸಿಗುವುದು ಆಗಾಗ ಕೆಲವೇ ದಿನ. ಯಾರನ್ನೂ ಹಣ ಕೊಟ್ಟು ಕೊಳ್ಳುವಂತಿಲ್ಲ. ಒಬ್ಬ ಹುಡುಗ ಚೆನ್ನಾಗಿ ಆಡಿದನೋ, ಹಿರಿಯರ ತಂಡ ಅವನನ್ನು ಎತ್ತಿಕೊಂಡು ಹೋಗುತ್ತದೆ. ನಮ್ಮ ಅಕೌಂಟೆನ್ಸಿಯ ಮಾತಿನಲ್ಲಿ ಹೇಳುವುದಾದರೆ ಖರ್ಚು ಒಬ್ಬರ ಖಾತೆಗೆ, ಲಾಭ ಇನ್ನೊಬ್ಬರ ಖಾತೆಗೆ. ಸುಮಾರು 39 ಲಕ್ಷ ಜನರ ದೇಶ ವಿಶ್ವಕಪ್ ಫೈನಲ್‌ವರೆಗೆ ಹೋಗಬೇಕಾದರೆ ಇಂಥ ಕೆಲಸವನ್ನು ಯಾರಾದರೂ ಮಾಡಲೇಬೇಕು. ಅಲ್ಲಿ ಒಬ್ಬ ಹುಡುಗನನ್ನೂ ವ್ಯರ್ಥ ಮಾಡುವಂತಿಲ್ಲ. 2025ರ ಯುರೋಪಿಯನ್ ಟೂರ್ನಿಗೆ ಒಲಿಚ್ ತಂಡ ಅರ್ಹತೆ ಪಡೆಯಲಿಲ್ಲ.

ಇದನ್ನೆಲ್ಲ ಗೆಳೆಯನಿಗೆ ಓದಿ ಹೇಳಿದೆ. ಶೂ ಇನ್ನೂ ತಮ್ಮನ ಹತ್ತಿರವೇ ಇದೆ. ಲಿಯಾನ್ ಪಂದ್ಯದ ವಿಡಿಯೋ ಕಳಿಸು ಅಂದಿದ್ದಾನೆ.