ನುಡಿಯಿಂದ ಲಿನಕ್ಸ್‌ಗೆ: ಬರಹದ ಸಲಕರಣೆಗಳ ಸ್ಥಳಾಂತರ

‘ಕವಿರಾಜಮಾರ್ಗ’ವು ದಂಡಿಯ ‘ಕಾವ್ಯಾದರ್ಶ’ವನ್ನು ಆಧರಿಸಿದ್ದರೂ ಅದರ ಪಡಿಯಚ್ಚಲ್ಲ. ಕನ್ನಡದ ಪ್ರಾಸದಂತಹ ವಿಷಯ ಬಂದಲ್ಲಿ ಗ್ರಂಥಕಾರನು ಹೊಸದಾಗಿಯೇ ಬರೆಯಬೇಕಾಯಿತು. ಒಂದು ಕಾರ್ಯಾಚರಣ ವ್ಯವಸ್ಥೆಗೆ ರಚಿಸಿದ ತಂತ್ರಾಂಶವನ್ನು ಮತ್ತೊಂದಕ್ಕೆ ಒಯ್ಯುವ ‘ಪೋರ್ಟಿಂಗ್’ ಕೆಲಸವೂ ಇದೇ ಬಗೆಯದು.

ಕಡತವನ್ನು ತೆರೆಯುವುದಕ್ಕೂ ಒತ್ತಿದ ಕೀಲಿಯನ್ನು ಅರಿಯುವುದಕ್ಕೂ ತಂತ್ರಾಂಶವು ಕಾರ್ಯಾಚರಣ ವ್ಯವಸ್ಥೆಯ ನೆರವನ್ನು ಕೇಳುತ್ತದೆ. ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಹಾಗೆ ಕೇಳುವ ಕ್ರಮ ಬೇರೆ ಬೇರೆ. ಮೂಲ ಸಂಕೇತ ಲಭ್ಯವಿದ್ದರೆ, ಎರಡೂ ಕಡೆ ದೊರೆಯುವ ಜಿಸಿಸಿಯಂತಹ ಕಂಪೈಲರ್‌ನಿಂದ ಅದನ್ನು ಮರಳಿ ಸಿದ್ಧಪಡಿಸಬಹುದು. ಆದರೆ ವ್ಯವಸ್ಥೆಯ ನೆರವು ಕೇಳುವ ಭಾಗಗಳನ್ನು ಮಾತ್ರ ತಿದ್ದಿ ಬರೆಯಲೇಬೇಕು.

ಕನ್ನಡ ಗಣಕ ಪರಿಷತ್ತಿನ ‘ನುಡಿ’ ವಿಂಡೋಸ್‌ಗಾಗಿ ರೂಪುಗೊಂಡಿತು. ಅದರ ಕೀಲಿಮಣೆಗೆ ಕೆ.ಪಿ. ರಾವ್ ಅವರ ವಿನ್ಯಾಸವೇ ಆಧಾರ. ಯಾವ ಕೀಲಿಗೆ ಯಾವ ಅಕ್ಷರ, ವ್ಯಂಜನದ ಮುಂದೆ ಸ್ವರ ಬಂದರೆ ಯಾವ ಚಿಹ್ನೆ ಎಂಬುದೆಲ್ಲ ನಿಯಮಗಳ ಪಟ್ಟಿ ಮಾತ್ರ. ಅದು ಯಾವ ವ್ಯವಸ್ಥೆಗೂ ಸೇರಿದ್ದಲ್ಲ. ಆದ್ದರಿಂದಲೇ ಆ ಪಟ್ಟಿಯನ್ನು ಹೊಸದಾಗಿ ಬರೆದು, ಲಿನಕ್ಸ್‌ನಲ್ಲಿಯೂ ‘ಕಗಪ’ ಕೀಲಿಮಣೆಯನ್ನು ಒದಗಿಸಲು ಸಾಧ್ಯವಾಯಿತು. ಬೆರಳುಗಳ ಅಭ್ಯಾಸ ಉಳಿಯಿತು. ಒಳಗಿನ ಯಂತ್ರ ಬದಲಾಯಿತು.

ಹಳೆಯ ಕಡತಗಳ ಪಾಡು ಅಷ್ಟು ಸುಲಭವಲ್ಲ. ಯುನಿಕೋಡ್‌ಗೆ ಮೊದಲಿನ ನುಡಿ ಕಡತದಲ್ಲಿ ಇರುವುದು ಕನ್ನಡ ಅಕ್ಷರಗಳಲ್ಲ, ರೋಮನ್ ಸಂಕೇತಗಳ ಜಾಗದಲ್ಲಿ ಕುಳಿತ ಅಕ್ಷರದ ತುಣುಕುಗಳು. ‘ಧರ್ಮಪುರಿ’ ಎಂಬ ಹೆಸರನ್ನೇ ನೋಡಬಹುದು. ಹಳೆಯ ಕಡತದಲ್ಲಿ ‘ಮ’ ಮೊದಲು, ಅರ್ಕಾವತ್ತು ಅನಂತರ. ಕಣ್ಣಿಗೆ ಕಾಣುವ ಕ್ರಮ ಅದು. ಯುನಿಕೋಡ್‌ನಲ್ಲಿ ‘ರ್’ ಮೊದಲು, ‘ಮ’ ಅನಂತರ. ಉಚ್ಚಾರಣೆಯ ಕ್ರಮ ಅದು. ಪರಿವರ್ತಕ ತಂತ್ರಾಂಶವು ಈ ಸ್ಥಾನಪಲ್ಲಟವನ್ನು ಅರಿತಿರಬೇಕು. ಹಳೆಯ ಫಾಂಟನ್ನು ಲಿನಕ್ಸ್‌ಗೆ ನಕಲಿಸಿಕೊಂಡರೆ ಬರಹ ಕಣ್ಣಿಗೇನೋ ಕಾಣುತ್ತದೆ; ಆದರೆ ‘ಧರ್ಮಪುರಿ’ ಎಂದು ಹುಡುಕಿದರೆ ಸಿಗುವುದಿಲ್ಲ.

ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ತಮಿಳುನಾಡು ಸರ್ಕಾರವು 2011ರಲ್ಲಿ ಆರಂಭಿಸಿದ ಉಚಿತ ಲ್ಯಾಪ್‌ಟಾಪ್ ಯೋಜನೆಯ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಬಂದಿತ್ತು. ಧರ್ಮಪುರಿಯಲ್ಲಿ ಕ್ರಿ.ಶ. 893ರ, ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನವಿದೆ. ಇಂತಹ ಶಾಸನಗಳ ಪಾಠವನ್ನು ಹಳೆಯ ಫಾಂಟಿನಲ್ಲಿ ಬೆರಳಚ್ಚಿಸಿಟ್ಟರೆ, ಕಲ್ಲು ಸಾವಿರ ವರ್ಷ ಉಳಿಸಿದ್ದನ್ನು ಕಡತವು ಇಪ್ಪತ್ತು ವರ್ಷವೂ ಉಳಿಸದೆ ಹೋದೀತು.

ಆದ್ದರಿಂದ ಹೊಸ ಬರಹವೆಲ್ಲ ಯುನಿಕೋಡ್‌ನಲ್ಲಿಯೇ ಇರಲಿ. ಹಳೆಯದನ್ನು ಪರಿವರ್ತಿಸುವಾಗ ಮೂಲ ಕಡತವನ್ನು ಅಳಿಸದೆ ಕಾಯ್ದಿಟ್ಟು, ಮುದ್ರಿತ ಪ್ರತಿಯೊಡನೆ ಸಾಲುಸಾಲಾಗಿ ಹೋಲಿಸಬೇಕು. ಅರ್ಕಾವತ್ತು, ಒತ್ತಕ್ಷರ, ಹಳಗನ್ನಡದ ಱ ಮತ್ತು ೞ, ಇವುಗಳ ಮೇಲೆ ವಿಶೇಷ ಗಮನವಿರಲಿ. ೞಕಾರವಿದ್ದ ಕಡೆ ಳಕಾರ ಬಂದಿದ್ದರೆ ಯಂತ್ರಕ್ಕೆ ಅದು ದೋಷವೆಂದು ತೋರದು. ಹಳಗನ್ನಡ ಓದಿದವರ ಕಣ್ಣಿಗೆ ಮಾತ್ರ ತೋರುತ್ತದೆ.