ಚಿರಪರಿಚಿತ ಪದವೇ ಅಪರಿಚಿತವೆನಿಸಿದಾಗ



ಕಳೆದ ಶ್ರಾವಣ ಮಾಸದಲ್ಲಿ ದೇಗಾಂವದ ನನ್ನ ಚಿಕಿತ್ಸಾಲಯಕ್ಕೆ ಎಪ್ಪತ್ತರ ಆಸುಪಾಸಿನ ತಾಯಿಯೊಬ್ಬರು ಬಂದರು. ಕೈಚೀಲದಿಂದ ಅವರು ಹೊರತೆಗೆದದ್ದು ಇನ್ನೂರು ಪುಟದ ಒಂದು ನೋಟಬುಕ್ಕು. ಶ್ರಾವಣ ಮುಗಿಯುವುದರೊಳಗೆ ‘ಓಂ ನಮಃ ಶಿವಾಯ’ ಎಂದು 11,000 ಸಲ ಬರೆಯುವ ಸಂಕಲ್ಪ ಅವರದು. ಮೊದಲ ವಾರ ಬರವಣಿಗೆ ಸುಗಮವಾಗಿ ಸಾಗಿತ್ತು. ಬಳಿಕ ಒಂದು ಸಂಜೆ, ಪುಟದ ನಡುವೆಯೇ ಪೆನ್ನು ನಿಂತುಬಿಟ್ಟಿತ್ತು.

“ಡಾಕ್ಟರ್ರ, ಬರದ ಬರದ ‘ಶಿವಾಯ’ ಅನ್ನೂದ ತಪ್ಪ ಕಂಡಂಗ ಆಗಾಕತ್ತೈತ್ರಿ. ಅದು ನಾ ಬರದ ಅಕ್ಷರ ಅಲ್ಲ ಅನಸ್ತೈತಿ. ನನ್ನ ಕೈಲೆ ಏನರ ಅಪಚಾರ ಆತೇನ್ರಿ? ಇಲ್ಲಾ ಅರುವು ಮರುವು ಸುರು ಆತೇನ್ರಿ?” ಎಂದು ಕೇಳಿದರು.

ಎಂಟು ದಿನಗಳಿಂದ ಅವರು ನೋಟಬುಕ್ಕು ಮುಟ್ಟಿರಲಿಲ್ಲ. ಮನೆಯವರಿಗೂ ಹೇಳಿರಲಿಲ್ಲ. ಅಪಚಾರವೂ ಆಗಿಲ್ಲ, ಬುದ್ಧಿಗೆ ಕುಂದೂ ಬಂದಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಇಂಥದೇ ಭಯವನ್ನು ಮನಸ್ಸಿನಲ್ಲಿ ಬಚ್ಚಿಟ್ಟುಕೊಂಡ ಭಕ್ತರು ಇನ್ನೂ ಇರಬಹುದೆಂದು ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ.

ಓದು ನಡೆಯುವ ಬಗೆ

ನಮ್ಮೂರಿನ ಕಮಲನಾರಾಯಣ ದೇವಾಲಯವನ್ನು ತಮ್ಮಲ್ಲಿ ಅನೇಕರು ನೋಡಿರುತ್ತೀರಿ. 12ನೆಯ ಶತಮಾನದಲ್ಲಿ ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಗುಡಿ ಅದು. ಆ ಕಾಲದ ಕನ್ನಡ ಶಾಸನದ ಮುಂದೆ ನಿಂತರೆ ನಮಗೆ ಕಾಣುವುದು ಕಲ್ಲಿನ ಮೇಲಿನ ಗೆರೆ, ಕೊಕ್ಕೆ, ಸುರುಳಿಗಳು ಮಾತ್ರ. ಶಾಸನ ಓದಲು ಕಲಿತವರು ಅದೇ ಗೆರೆಗಳಲ್ಲಿ ಅರಸನ ಹೆಸರನ್ನೂ ದಾನದ ವಿವರವನ್ನೂ ಕಾಣುತ್ತಾರೆ. ಕಲ್ಲು ಒಂದೇ, ಕಣ್ಣುಗಳೂ ಅಂಥವೇ. ವ್ಯತ್ಯಾಸವಿರುವುದು ಕಣ್ಣಿನ ಹಿಂದೆ, ಮಿದುಳಿನಲ್ಲಿ.

ಕಣ್ಣು ಗೆರೆಯನ್ನಷ್ಟೇ ತಂದೊಪ್ಪಿಸುತ್ತದೆ. ಮಿದುಳಿನ ಹಿಂಭಾಗ ಆ ರೂಪವನ್ನು ಗ್ರಹಿಸುತ್ತದೆ. ಎಡಭಾಗದ ತಳದಲ್ಲಿರುವ ಒಂದು ಪುಟ್ಟ ಪ್ರದೇಶವು ಅದನ್ನು ಅಕ್ಷರವೆಂದು, ಪದವೆಂದು ಗುರುತಿಸುತ್ತದೆ. ಅಲ್ಲಿಂದ ಪದಕ್ಕೆ ಧ್ವನಿಯೂ ಅರ್ಥವೂ ಕೂಡಿಕೊಳ್ಳುತ್ತವೆ. ಓದು ರೂಢಿಯಾದವರಲ್ಲಿ ಇದೆಲ್ಲ ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಮುಗಿಯುವುದರಿಂದ ನಾವು ಅಕ್ಷರವನ್ನು ಗಮನಿಸುವುದೇ ಇಲ್ಲ, ನೇರವಾಗಿ ಅರ್ಥವನ್ನೇ ಕಾಣುತ್ತೇವೆ.

ಒಂದೇ ಪದವನ್ನು ಎಡೆಬಿಡದೆ ಬರೆದಾಗ ಅಥವಾ ದಿಟ್ಟಿಸಿದಾಗ ಈ ಜೋಡಣೆ ಬಳಲುತ್ತದೆ. ಪದೇ ಪದೇ ಒಂದೇ ಕರೆ ಬಂದಾಗ ನರಕೋಶಗಳ ಪ್ರತಿಸ್ಪಂದನ ಕುಗ್ಗುವುದು ಸಹಜ. ಊದುಬತ್ತಿಯ ಪರಿಮಳ ಸ್ವಲ್ಪ ಹೊತ್ತಿನ ಬಳಿಕ ಮೂಗಿಗೆ ತಿಳಿಯದಂತಾಗುವುದಿಲ್ಲವೇ? ಹಾಗೆಯೇ ಇದು. ಅರ್ಥ ಮಂಕಾದಾಗ ಬರಿಯ ಗೆರೆ ಎದ್ದು ಕಾಣುತ್ತದೆ. ನಮ್ಮದೇ ಪದ ಒಂದು ಗಳಿಗೆ ಹಳೆಯ ಶಾಸನದಂತಾಗುತ್ತದೆ.

ಪದವನ್ನು ಬಹಳ ಹೊತ್ತು ದಿಟ್ಟಿಸಿದರೆ ಅದರ ಅರ್ಥ ಜಾರಿಹೋಗುವುದನ್ನು ಅಮೆರಿಕದ ಮನೋವಿಜ್ಞಾನಿಗಳು 1907ರಲ್ಲಿಯೇ ಬರೆದಿಟ್ಟಿದ್ದಾರೆ. ಇತ್ತೀಚೆಗೆ ಕ್ರಿಸ್ ಮೌಲಿನ್, ಅಕಿರಾ ಓಕಾನರ್ ಹಾಗೂ ಸಂಗಡಿಗರು 94 ವಿದ್ಯಾರ್ಥಿಗಳಿಗೆ ಒಂದೊಂದು ಪದವನ್ನು ಮತ್ತೆ ಮತ್ತೆ ಬರೆಯಲು ಹೇಳಿ ಪರೀಕ್ಷಿಸಿದರು. ಪದ ವಿಚಿತ್ರವೆನಿಸಿತೆಂದು ಒಮ್ಮೆಯಾದರೂ ಬರೆಯುವುದನ್ನು ನಿಲ್ಲಿಸಿದವರು ಅವರಲ್ಲಿ ಸುಮಾರು ನೂರಕ್ಕೆ 70 ಮಂದಿ. ಸಾಮಾನ್ಯವಾಗಿ 30ಕ್ಕೂ ಹೆಚ್ಚು ಸಲ ಬರೆಯುವಷ್ಟರಲ್ಲಿ, ಅಂದರೆ ಸುಮಾರು ಒಂದು ನಿಮಿಷದಲ್ಲಿ, ಆ ಅನುಭವ ಬಂದಿತ್ತು. ಜನರನ್ನು ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ‘ಇಗ್ ನೊಬೆಲ್’ ಪುರಸ್ಕಾರ 2023ರಲ್ಲಿ ಈ ಅಧ್ಯಯನಕ್ಕೆ ಸಂದಿತು. ಅವರೆಲ್ಲ ಆರೋಗ್ಯವಂತ ತರುಣರು ಎಂಬುದನ್ನು ಆ ತಾಯಿಗೆ ಒತ್ತಿ ಹೇಳಿದೆ.

ಆಯುರ್ವೇದದ ಕಣ್ಣಿನಿಂದ ನೋಡಿದರೂ ಇದು ಅರ್ಥವಾಗದ ವಿಷಯವಲ್ಲ. ಇಂದ್ರಿಯಗಳಿಗೆ ಅವುಗಳ ವಿಷಯಗಳೊಂದಿಗೆ ಅತಿಯೋಗ, ಅಯೋಗ, ಮಿಥ್ಯಾಯೋಗಗಳು ಒದಗುವುದು ರೋಗಕಾರಣಗಳಲ್ಲೊಂದೆಂದು ಚರಕಸಂಹಿತೆಯ ಸೂತ್ರಸ್ಥಾನ ಹೇಳುತ್ತದೆ. ಚರಕಾಚಾರ್ಯರು ಅಲ್ಲಿ ಬರವಣಿಗೆಯ ಪ್ರಸ್ತಾಪ ಮಾಡಿಲ್ಲ. ಆದರೆ ಅತಿಯಾಗಿ ದುಡಿಸಿದ ಇಂದ್ರಿಯ ಬಳಲುತ್ತದೆಂಬ ತತ್ತ್ವ ಇಲ್ಲಿಗೂ ಹೊಂದುತ್ತದೆ. ಈ ಬಳಲಿಕೆ ಕ್ಷಣಿಕ. ವಿಶ್ರಾಂತಿಯೇ ಇದಕ್ಕೆ ಮದ್ದು.

ತಪ್ಪೇ ಸರಿಯೆನಿಸುವುದು

ಇದಕ್ಕೆ ಹತ್ತಿರದ ಇನ್ನೊಂದು ಅನುಭವವಿದೆ. ಉತ್ತರಪತ್ರಿಕೆ ತಿದ್ದುವ ಶಿಕ್ಷಕರನ್ನು ಕೇಳಿ ನೋಡಿ. ‘ವಿಧ್ಯಾರ್ಥಿ’ ಎಂಬ ತಪ್ಪು ರೂಪವನ್ನು ನಲವತ್ತು ಕಡೆ ಕಂಡ ಮೇಲೆ ‘ವಿದ್ಯಾರ್ಥಿ’ ಎಂಬ ಸರಿಯಾದ ರೂಪದ ಮೇಲೆಯೇ ಅನುಮಾನ ಮೂಡುತ್ತದೆ. ನನಗೂ ಹೀಗಾದದ್ದುಂಟು. ದಿನವಿಡೀ ಔಷಧದ ಚೀಟಿಯಲ್ಲಿ ‘ಊಟದ ನಂತರ’ ಎಂದು ಬರೆಯುತ್ತ ಬರೆಯುತ್ತ, ಒಂದು ಸಂಜೆ ‘ನಂತರ’ದಲ್ಲಿ ಸೊನ್ನೆ ಇದೆಯೋ ಇಲ್ಲವೋ ಎಂದು ತಡವರಿಸಿ, ಹಳೆಯ ಚೀಟಿ ತೆಗೆದು ನೋಡಿದ್ದೇನೆ. ಮಿದುಳು ಪದಗಳನ್ನು ನಿಯಮದಿಂದ ಮಾತ್ರವಲ್ಲದೆ ಕಂಡು ಕಂಡು ಆದ ರೂಢಿಯಿಂದಲೂ ಗುರುತಿಸುತ್ತದೆ. ರೂಢಿ ಅಲುಗಿದರೆ ನಂಬಿಕೆಯೂ ಅಲುಗುತ್ತದೆ. ನಿದ್ರೆಗೆಟ್ಟವರಲ್ಲಿ, ದಣಿದವರಲ್ಲಿ ಇಂಥ ಅನುಮಾನ ಹೆಚ್ಚು. ಇದೂ ರೋಗವಲ್ಲ.

ಯಾವಾಗ ಅಲಕ್ಷಿಸಬಾರದು?

ಇಲ್ಲಿಗೇ ಲೇಖನ ಮುಗಿಸಿದರೆ ನಾನು ಅರ್ಧ ಸತ್ಯವನ್ನಷ್ಟೇ ಹೇಳಿದಂತಾದೀತು. ನನ್ನದೇ ಒಂದು ತಪ್ಪನ್ನು ತಮ್ಮ ಮುಂದೆ ಇಡಬೇಕಾಗಿದೆ.

ಹಲವು ವರ್ಷಗಳ ಹಿಂದೆ, ದಿನಾ ಬೆಳಗ್ಗೆ ಪತ್ರಿಕೆ ಓದುವ ರೂಢಿಯಿದ್ದ ಹಿರಿಯರೊಬ್ಬರಿಗೆ ಒಂದು ದಿನ ಅಕ್ಷರಗಳೆಲ್ಲ ಬೇರೆ ಭಾಷೆಯವಂತೆ ಕಂಡವು. ಅವರ ಮಗ ನನಗೆ ಫೋನು ಮಾಡಿದರು. ಮಾತು ಸರಿಯಾಗಿದೆ, ಕೈಕಾಲು ಆಡುತ್ತಿವೆ ಎಂದರು. “ನಿದ್ದೆ ಕಡಿಮೆಯಾಗಿರಬೇಕು, ವಿಶ್ರಾಂತಿ ತಗೊಳ್ಳಲಿ, ಸಂಜೆ ಬಂದು ನೋಡತೇನಿ” ಎಂದುಬಿಟ್ಟೆ. ಸಂಜೆ ಹೋಗಿ ಅವರ ಕೈಗೆ ಕಾಗದ ಕೊಟ್ಟೆ. ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಚೆನ್ನಾಗಿಯೇ ಬರೆದರು. ಅದನ್ನೇ ತಿರುಗಿಸಿ ತೋರಿಸಿ ಓದಲು ಹೇಳಿದೆ. ತಾವೇ ಬರೆದದ್ದನ್ನು ಅವರು ಓದಲಾರದೆ ಹೋದರು. ಆಗ ನನಗೆ ಅರಿವಾಯಿತು. ನಗರದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಿದುಳಿನ ಎಡ ಹಿಂಭಾಗಕ್ಕೆ ರಕ್ತ ನಿಂತುಹೋಗಿತ್ತು. ಪ್ರಾಣಕ್ಕೆ ಅಪಾಯವಾಗಲಿಲ್ಲ. ಆದರೆ ಇಂದಿಗೂ ಅವರು ಒಂದೊಂದೇ ಅಕ್ಷರವನ್ನು ಬೆರಳಿನಿಂದ ತಿದ್ದಿಕೊಂಡು ಓದುತ್ತಾರೆ. ಬೆಳಗ್ಗೆಯೇ ಕಳುಹಿಸಿದ್ದರೆ ಎಷ್ಟು ಉಳಿಯುತ್ತಿತ್ತೋ ಹೇಳಲಾರೆ. ಕಳುಹಿಸಬೇಕಿತ್ತು ಎಂಬುದಂತೂ ನಿಜ.

ಬರೆಯಬಲ್ಲ, ಆದರೆ ಓದಲಾರದ ಇಂಥದೇ ರೋಗಿಯೊಬ್ಬರ ಕುರಿತು ಪ್ಯಾರಿಸ್ಸಿನ ವೈದ್ಯ ಜ್ಯೂಲ್ ಡೆಜೆರೀನ್ 1892ರಲ್ಲಿಯೇ ವಿವರವಾಗಿ ಬರೆದಿದ್ದರು. ಪಕ್ಷಾಘಾತವೆಂದರೆ ಕೈಕಾಲು ಬೀಳುವುದೇ ಎಂದು ನಾವು ತಿಳಿದಿದ್ದೇವೆ. ಕೈಕಾಲು ನೆಟ್ಟಗಿದ್ದು ಓದು ಮಾತ್ರ ಹೋಗುವುದೂ ಉಂಟು.

ಆದ್ದರಿಂದ ಪದ ವಿಚಿತ್ರವೆನಿಸಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿರಿ.

ಮೊದಲನೆಯದು: ವಿಚಿತ್ರವೆನಿಸಿದ್ದು ಒಂದು ಪದವೋ, ಎಲ್ಲ ಪದಗಳೋ? ಒಂದೇ ಪದವಾದರೆ ಸಾಮಾನ್ಯವಾಗಿ ಭಯವಿಲ್ಲ. ಪತ್ರಿಕೆಯ ತಲೆಬರಹ, ಗೋಡೆಯ ಕ್ಯಾಲೆಂಡರು, ಬಸ್ಸಿನ ಬೋರ್ಡು ಯಾವುದೂ ಓದಲು ಬಾರದಿದ್ದರೆ ಅದು ಅಪಾಯದ ಸೂಚನೆ.

ಎರಡನೆಯದು: ಮತ್ತೆ ಮತ್ತೆ ಬರೆದ ಮೇಲೆ ಆಯಿತೋ, ಕಾರಣವಿಲ್ಲದೆ ಒಮ್ಮೆಲೇ ಆಯಿತೋ?

ಮೂರನೆಯದು: ಕಣ್ಣು ತೆಗೆದು ಬೇರೆ ಕಡೆ ನೋಡಿ, ಒಂದೆರಡು ನಿಮಿಷದ ಬಳಿಕ ಮರಳಿದರೆ ಸರಿಹೋಯಿತೋ, ಹಾಗೆಯೇ ಉಳಿಯಿತೋ?

ಎಲ್ಲ ಪದಗಳೂ ಒಮ್ಮೆಲೇ ಅಪರಿಚಿತವಾದರೆ, ಅಥವಾ ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ದೃಷ್ಟಿಯ ಒಂದು ಬದಿ ಕಾಣದಾಗುವುದು ಇವುಗಳಲ್ಲಿ ಒಂದಾದರೂ ಇದ್ದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಸರಿಹೋದರೂ ಅಂದೇ ತೋರಿಸಿರಿ. ಅದು ಬರಲಿರುವ ಆಘಾತದ ಮುನ್ಸೂಚನೆ ಆಗಿರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಮ್ಮ ಭಾಗದ ಹಳ್ಳಿಗಳಿಂದ ಬೆಳಗಾವಿಗೋ ಧಾರವಾಡಕ್ಕೋ ಹೋಗಲು ದಾರಿಯೇ ಒಂದಿಷ್ಟು ಸಮಯ ನುಂಗುತ್ತದೆ. ಆ ಹೊತ್ತಿನಲ್ಲಿ ಕಷಾಯ ಕುಡಿಸುವುದು, ಎಣ್ಣೆ ತಿಕ್ಕುವುದು, ನನ್ನಂಥ ವೈದ್ಯರ ಹಾದಿ ಕಾಯುವುದು ಯಾವುದೂ ಬೇಡ. ಸ್ಕ್ಯಾನ್ ಸೌಕರ್ಯವಿರುವ ಆಸ್ಪತ್ರೆಗೇ ನೇರ ಹೋಗಿರಿ. ಆಯುರ್ವೇದದ ಉಪಚಾರಕ್ಕೆ ಆಮೇಲೆ ಕಾಲವಿದೆ.

ಇನ್ನೊಂದು ಮಾತು. ಪರಿಚಿತ ಮನೆ, ಮುಖ, ಪದಗಳು ಆಗಾಗ ಕ್ಷಣಕಾಲ ಅಪರಿಚಿತವೆನಿಸಿ, ಜೊತೆಗೆ ಮೈಮರೆತು ನಿಲ್ಲುವುದು, ಬಾಯಿ ಚಪ್ಪರಿಸುವುದು ಕಂಡುಬಂದರೆ ಅದು ಅಪಸ್ಮಾರದ, ಅಂದರೆ ಮೂರ್ಛೆರೋಗದ ಒಂದು ಬಗೆ ಇರಬಹುದು. ನರರೋಗ ತಜ್ಞರಿಗೆ ತೋರಿಸಬೇಕು.

ಬರೆಯುವವರಿಗೆ ನಾಲ್ಕು ಮಾತು

ಮಂತ್ರಲೇಖನ ಮಾಡುವವರು, ಮಕ್ಕಳಿಂದ ಶುದ್ಧಬರಹ ಬರೆಸುವವರು ಇಪ್ಪತ್ತು ಸಾಲಿಗೊಮ್ಮೆ ಪೆನ್ನು ಕೆಳಗಿಡಬೇಕು. ದೂರದ ಗಿಡವನ್ನೋ ಆಕಾಶವನ್ನೋ ನೋಡಬೇಕು. ಬರೆದದ್ದನ್ನು ನಿಧಾನವಾಗಿ ಬಾಯಿಬಿಟ್ಟು ಓದಬೇಕು. ಪದದ ಅರ್ಥವನ್ನು ನೆನೆಯಬೇಕು. ನಿದ್ರೆಗೆಟ್ಟು ಲೆಕ್ಕ ತುಂಬಿಸುವ ಆತುರ ಬೇಡ.

ಆ ತಾಯಿ ಇದನ್ನೇ ಪಾಲಿಸಿದರು. ಶ್ರಾವಣದೊಳಗೆ 11,000 ಮುಗಿಯಲಿಲ್ಲ. ಮಹಾನವಮಿಯ ಹೊತ್ತಿಗೆ ಮುಗಿಯಿತು. ಈಗಲೂ ನಡುನಡುವೆ ‘ಶಿವಾಯ’ ವಿಚಿತ್ರವಾಗಿ ಕಾಣುವುದುಂಟಂತೆ. “ಆವಾಗ ಪೆನ್ನ ಇಟ್ಟ ಒಂದ ತಂಬಗಿ ನೀರ ಕುಡೀತೇನ್ರಿ, ಮತ್ತ ಮದಲಿನಂಗ ಕಾಣತೈತ್ರಿ” ಎಂದು ನಕ್ಕರು.

ಭಕ್ತರು ಮೇಲಿನ ಮೂರು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದು, 108ರ ಜೊತೆಗೆ, ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡಬೇಕೆಂದು ವಿನಂತಿ. ಹಿರಿಯರಿಗೆ ಓದಲು ಬಾರದಾದ ದಿನ ಅದನ್ನು ಓದಬೇಕಾದವರು ಮನೆಯ ಕಿರಿಯರು. ಅವರಿಗೂ ಇದನ್ನು ತಿಳಿಸಿ ಹೇಳಿರಿ.